ಸಮುದ್ರದ ನೀರಿಗೆ ತುಕ್ಕು ತಡೆಯುವ ಬಟರ್‌ಫ್ಲೈ ವಾಲ್ವ್: ಆರಿಸುವ ಹಂತಗಳು

ಸಮುದ್ರದ ನೀರು ಹರಿಯುವ ಪೈಪಿಗೆ ಯಾವ ಬಟರ್‌ಫ್ಲೈ ವಾಲ್ವ್ ಹಾಕಬೇಕು ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಸಿಗಡಿ ಮರಿ ಕೇಂದ್ರ ನಡೆಸುವವರು, ಮೀನು ಸಂಸ್ಕರಣಾ ಘಟಕಗಳ ಮೇಲ್ವಿಚಾರಕರು, ಉಪ್ಪುನೀರನ್ನು ಸಿಹಿಯಾಗಿಸುವ ಘಟಕಗಳ ಎಂಜಿನಿಯರುಗಳು, ಯಾಂತ್ರಿಕ ದೋಣಿಗಳ ಮಾಲೀಕರು ಹೀಗೆ ಕೇಳುವವರು ಬೇರೆ ಬೇರೆಯಾದರೂ ದೂರು ಹೆಚ್ಚುಕಡಿಮೆ ಒಂದೇ: ಸ್ಟೇನ್‌ಲೆಸ್ ಎಂದು ನಂಬಿ ಕೊಂಡ ವಾಲ್ವ್ ಕೆಲವೇ ಮಳೆಗಾಲಗಳಲ್ಲಿ ಸೋರತೊಡಗಿತು, ಬಿಚ್ಚಿ ನೋಡಿದರೆ ಡಿಸ್ಕಿನ ಅಂಚಿನಲ್ಲಿ ಗುಳಿಗಳು ಬಿದ್ದಿದ್ದವು. ಈ ದೂರಿನ ಮೂಲ ಬಹುತೇಕ ಖರೀದಿಯ ಪತ್ರದಲ್ಲೇ ಇರುತ್ತದೆ. ‘ಎಸ್‌ಎಸ್ ವಾಲ್ವ್’ ಅಥವಾ ‘ಬ್ರಾಂಜ್ ವಾಲ್ವ್’ ಎಂದು ಒಂದೇ ಪದದಲ್ಲಿ ಬರೆದು ಕಳಿಸಿದರೆ, ನೀರು ಮುಟ್ಟುವ ಆರೇಳು ಬಿಡಿಭಾಗಗಳಲ್ಲಿ ಯಾವುದು ಯಾವ ಲೋಹದ್ದು ಎಂಬುದನ್ನು ನೀವು ಮಾರುವವರ ಇಷ್ಟಕ್ಕೆ ಬಿಟ್ಟಂತಾಗುತ್ತದೆ. ಆ ಭಾಗಗಳಲ್ಲಿ ಅತಿ ದುರ್ಬಲವಾದದ್ದು ಎಷ್ಟು ದಿನ ಬಾಳುತ್ತದೆಯೋ ಇಡೀ ವಾಲ್ವಿನ ಬಾಳಿಕೆಯೂ ಅಷ್ಟೇ. ಆದ್ದರಿಂದ ಈ ಲೇಖನದಲ್ಲಿ ವಾಲ್ವನ್ನು ಭಾಗಭಾಗವಾಗಿ ಆರಿಸುವ ಕ್ರಮವನ್ನು ವಿವರಿಸಿದ್ದೇನೆ.

ಬಟರ್‌ಫ್ಲೈ ವಾಲ್ವ್ ಎಂದರೆ ಪೈಪಿನೊಳಗಿನ ಒಂದು ದುಂಡು ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ ನೀರನ್ನು ಬಿಡುವ ಅಥವಾ ತಡೆಯುವ ಸಾಧನ. ಆ ತಟ್ಟೆಯೇ ಡಿಸ್ಕ್. ಅದನ್ನು ತಿರುಗಿಸುವ ದಂಡ ಶಾಫ್ಟ್. ಇವೆರಡನ್ನೂ ಹಿಡಿದಿರುವ ಹೊರಕವಚ ಬಾಡಿ. ಮುಚ್ಚಿದಾಗ ಡಿಸ್ಕಿನ ಅಂಚು ಒತ್ತಿ ಕೂರುವ ಬಳೆ ಸೀಟ್. ಸಮುದ್ರದ ನೀರಿಗೆ ಇದು ಸಾಮಾನ್ಯವಾಗಿ ರಬ್ಬರಿನದು. ಇವಲ್ಲದೆ ಡಿಸ್ಕನ್ನು ಶಾಫ್ಟಿಗೆ ಬಿಗಿಯುವ ಪಿನ್ನು, ಶಾಫ್ಟ್ ತಿರುಗಲು ಆಧಾರವಾದ ಬುಷ್, ಸೀಟನ್ನು ಹಿಡಿದಿಡುವ ಬಳೆ ಮತ್ತು ಅದರ ಸ್ಕ್ರೂಗಳು ಇರುತ್ತವೆ.

ಇನ್ನು ಮೂರು ಬಗೆಯ ಕೊರೆತಗಳ ಪರಿಚಯ ಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿದ್ದು, ಅದರಲ್ಲಿ ಕ್ಲೋರೈಡಿನ ಪಾಲೇ ಸುಮಾರು 19 ಗ್ರಾಂ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ತೀರ ತೆಳುವಾದ ಪೊರೆ. ಕ್ಲೋರೈಡ್ ಈ ಪೊರೆಯನ್ನು ಒಂದು ಬಿಂದುವಿನಲ್ಲಿ ಮುರಿದು ಒಳಕ್ಕೆ ಇಳಿಯುವುದು ಗುಳಿಕೊರೆತ. ಜೋಡಣೆಯ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ಟಿನ ಅಡಿ, ಪಿನ್ನಿನ ಸುತ್ತ, ಸೀಟಿನ ಹಿಂಬದಿ ಮುಂತಾದ ಕಿರಿದಾದ ಎಡೆಗಳಲ್ಲಿ ನಿಂತ ನೀರಿನ ಆಮ್ಲಜನಕ ಮುಗಿದು, ಕ್ಲೋರೈಡ್ ಒಳಗೆ ಸೇರಿಕೊಂಡು, ನೀರು ಆಮ್ಲೀಯವಾಗಿ ಲೋಹವನ್ನು ತಿನ್ನುವುದು ಸಂದುಕೊರೆತ. ಹೊರಗಿನಿಂದ ಏನೂ ಕಾಣಿಸದ ಕಾರಣ ಇದು ಗುಳಿಕೊರೆತಕ್ಕಿಂತಲೂ ಅಪಾಯಕಾರಿ, ಮತ್ತು ಸಾಮಾನ್ಯವಾಗಿ ಇದೇ ಮೊದಲು ಶುರುವಾಗುತ್ತದೆ. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿ ಮುಳುಗಿದ್ದಾಗ ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದದ್ದು ಬೇಗ ಸವೆಯುವುದು ಜೋಡಿಲೋಹದ ಕೊರೆತ.

1. ನೀರಿನ ಮತ್ತು ಕೆಲಸದ ವಿವರ ಬರೆದಿಟ್ಟುಕೊಳ್ಳಿ

ಬೆಲೆ ಕೇಳುವ ಮುನ್ನ ಒಂದು ಹಾಳೆಯಲ್ಲಿ ಈ ವಿವರಗಳನ್ನು ಬರೆಯಿರಿ: ಪೈಪಿನ ಅಳತೆ ಮತ್ತು ಪೈಪಿನ ವಸ್ತು, ಗಂಟೆಗೆ ಹರಿಯುವ ನೀರು, ಗರಿಷ್ಠ ಒತ್ತಡ, ಪಂಪಿನ ಹೀರುವ ಬದಿಯೋ ತಳ್ಳುವ ಬದಿಯೋ, ನೀರಿನ ಉಷ್ಣತೆ, ಕ್ಲೋರಿನ್ ಬೆರೆಸುತ್ತೀರೋ ಇಲ್ಲವೋ, ಮರಳು ಮತ್ತು ಹೂಳು ಎಷ್ಟು, ಎಣ್ಣೆ ಬೆರೆಯುವ ಸಾಧ್ಯತೆ ಇದೆಯೋ, ವರ್ಷದಲ್ಲಿ ಎಷ್ಟು ಕಾಲ ನೀರು ನಿಂತಿರುತ್ತದೆ.

ಕೊನೆಯ ಅಂಶವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಆದರೆ ಹರಿಯುವ ನೀರಿಗಿಂತ ನಿಂತ ನೀರು ಸ್ಟೇನ್‌ಲೆಸ್ ಸ್ಟೀಲಿಗೆ ಹೆಚ್ಚು ಅಪಾಯಕಾರಿ. ತುರ್ತಿಗೆಂದು ಇಟ್ಟಿರುವ ಬದಲಿ ಪಂಪಿನ ವಾಲ್ವ್ ತಿಂಗಳುಗಟ್ಟಲೆ ಮುಚ್ಚಿಯೇ ಇದ್ದರೆ, ದಿನವೂ ಓಡುವ ಪಂಪಿನ ವಾಲ್ವಿಗಿಂತ ಮೊದಲು ಅದೇ ಕೆಡುವುದನ್ನು ಕಾಣಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳ ಅಳಿವೆಯ ಬಳಿ ನೀರು ಎತ್ತುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನಂಶ ಇಳಿಯುತ್ತದೆ, ಹೂಳು ಏರುತ್ತದೆ. ಮಳೆಗಾಲದ ಕೊನೆಯ ಭಾಗದಲ್ಲಿ ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿನ ತಳನೀರಿನಲ್ಲಿ ಆಮ್ಲಜನಕ ಬಹಳ ಕುಸಿದು, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ. ತಾಮ್ರದ ಮಿಶ್ರಲೋಹಗಳನ್ನು ಆರಿಸುವಾಗ ಇದು ನಿರ್ಣಾಯಕವಾಗುತ್ತದೆ.

ನೀರಿನ ವೇಗವನ್ನು ನೀವೇ ಲೆಕ್ಕ ಹಾಕಬಹುದು. 600 ಮಿಲಿಮೀಟರ್ ಒಳವ್ಯಾಸದ ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.283 ಚದರ ಮೀಟರ್. ಗಂಟೆಗೆ 3,000 ಘನ ಮೀಟರ್ ಹರಿದರೆ ಸೆಕೆಂಡಿಗೆ 0.833 ಘನ ಮೀಟರ್ ಆಗುತ್ತದೆ. ಇದನ್ನು ವಿಸ್ತೀರ್ಣದಿಂದ ಭಾಗಿಸಿದರೆ ವೇಗ ಸೆಕೆಂಡಿಗೆ ಸುಮಾರು 2.9 ಮೀಟರ್. ಪೈಪಿನಲ್ಲಿ ವೇಗ 3 ಮೀಟರಿನ ಒಳಗಿರುವಂತೆ ನೋಡಿಕೊಂಡರೆ ರಬ್ಬರ್ ಪದರ, ಲೇಪನ, ತಾಮ್ರದ ಮಿಶ್ರಲೋಹ ಎಲ್ಲವೂ ಹೆಚ್ಚು ಕಾಲ ಬಾಳುತ್ತವೆ. ಅರ್ಧ ತೆರೆದ ಡಿಸ್ಕಿನ ಅಂಚಿನಲ್ಲಿ ವೇಗ ಇದರ ಹಲವು ಪಟ್ಟು ಏರುವುದರಿಂದ, ಹರಿವನ್ನು ಸದಾ ಕಡಿಮೆ ಮಾಡಿ ಇಡಬೇಕಾದ ಜಾಗಕ್ಕೆ ಬಟರ್‌ಫ್ಲೈ ವಾಲ್ವ್ ಹಾಕಬೇಡಿ. ಡಿಸ್ಕನ್ನು 30 ಡಿಗ್ರಿಗಿಂತ ಕಡಿಮೆ ತೆರೆದು ದಿನವಿಡೀ ಓಡಿಸಿದರೆ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ ಒಡೆದು ಲೋಹವನ್ನೂ ರಬ್ಬರನ್ನೂ ಕಿತ್ತುಹಾಕುವ ಸಂಭವ ಹೆಚ್ಚು.

2. ವಾಲ್ವಿನ ರಚನೆಯನ್ನು ನಿರ್ಧರಿಸಿ

ಡಿಸ್ಕಿನ ನಡುವೆಯೇ ಶಾಫ್ಟ್ ಹಾದುಹೋಗುವ ಸಾಮಾನ್ಯ ರಚನೆಗೆ ಕಾನ್‌ಸೆಂಟ್ರಿಕ್ ಎನ್ನುತ್ತಾರೆ. ಇದರಲ್ಲಿ ಬಾಡಿಯ ಒಳಮೈಗೆ ಪೂರ್ತಿಯಾಗಿ ರಬ್ಬರ್ ಹೊದಿಸಿರುತ್ತದೆ. ಶಾಫ್ಟನ್ನು ನಡುವಿನಿಂದ ಸರಿಸಿ ಕೂರಿಸಿದ ಡಬಲ್ ಆಫ್‌ಸೆಟ್ ಮತ್ತು ಟ್ರಿಪಲ್ ಆಫ್‌ಸೆಟ್ ರಚನೆಗಳಲ್ಲಿ ಡಿಸ್ಕ್ ತೆರೆದ ಕೂಡಲೇ ಸೀಟಿನಿಂದ ದೂರ ಸರಿಯುವುದರಿಂದ ಉಜ್ಜಾಟ ಕಡಿಮೆ, ಆದರೆ ಬಾಡಿಯ ಲೋಹಕ್ಕೆ ನೀರು ನೇರವಾಗಿ ತಾಗುತ್ತದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ 609 ಮಾನಕದಲ್ಲಿ ಮೊದಲನೆಯದು ‘ಎ’ ವರ್ಗ, ಉಳಿದೆರಡು ‘ಬಿ’ ವರ್ಗ.

ಒತ್ತಡ 10 ಅಥವಾ 16 ಬಾರ್ ಒಳಗಿದ್ದು ನೀರು ಬಿಸಿಯಲ್ಲದಿದ್ದರೆ, ಪೂರ್ಣ ರಬ್ಬರ್ ಹೊದಿಕೆಯ ಕಾನ್‌ಸೆಂಟ್ರಿಕ್ ವಾಲ್ವ್ ನನ್ನ ಮೊದಲ ಆಯ್ಕೆ. ನೀರನ್ನು ಲೋಹದಿಂದ ದೂರವಿಡುವುದೇ ಕಡಿಮೆ ಖರ್ಚಿನ ಮತ್ತು ದೀರ್ಘ ಬಾಳಿಕೆಯ ಉಪಾಯ. ದುಬಾರಿ ಲೋಹವನ್ನು ಡಿಸ್ಕ್ ಮತ್ತು ಶಾಫ್ಟಿಗಷ್ಟೇ ಮೀಸಲಿಡಬಹುದು. ಸಿಹಿನೀರು ತಯಾರಿಸುವ ಘಟಕಗಳಲ್ಲಿ ಉಪ್ಪು ಸೋಸುವ ಪೊರೆಗಳಿಗೆ ನೀರು ತಳ್ಳುವ ಅಧಿಕ ಒತ್ತಡದ ಸಾಲಿಗೆ ಈ ಲೇಖನದ ವಾಲ್ವುಗಳು ಹೊಂದುವುದಿಲ್ಲ, ಅದಕ್ಕೆ ಮೊದಲಿನ ಕಡಿಮೆ ಒತ್ತಡದ ಸಾಲುಗಳಿಗಷ್ಟೇ ಇವು ಸೂಕ್ತ. ಅಂಥ ಘಟಕ ಹೊರಬಿಡುವ ಉಳಿಕೆ ನೀರು ಸಮುದ್ರದ ನೀರಿಗಿಂತಲೂ ಹೆಚ್ಚು ಉಪ್ಪಾಗಿರುತ್ತದೆ ಎಂಬುದನ್ನೂ ಮರೆಯಬೇಡಿ. ನೂರು ಲೀಟರಿನಲ್ಲಿ ನಲವತ್ತು ಲೀಟರ್ ಸಿಹಿನೀರು ತೆಗೆದರೆ ಉಳಿದದ್ದರಲ್ಲಿ ಲೀಟರಿಗೆ ಸುಮಾರು 58 ಗ್ರಾಂ ಲವಣವಿರುತ್ತದೆ.

ಜೋಡಣೆಯ ಬಗೆಯಲ್ಲಿ ಮೂರು ವಿಧಗಳಿವೆ. ಎರಡು ಫ್ಲ್ಯಾಂಜುಗಳ, ಅಂದರೆ ಪೈಪಿನ ತುದಿಯಲ್ಲಿ ಬೋಲ್ಟು ಹಾಕಲು ಇರುವ ಅಗಲ ಬಳೆಗಳ ನಡುವೆ ಸಿಕ್ಕಿಸಿ ಉದ್ದದ ಬೋಲ್ಟುಗಳಿಂದ ಬಿಗಿಯುವುದು ವೇಫರ್; ಬಾಡಿಯಲ್ಲೇ ಒಳಗೆ ತಿರುಪು ಕೊರೆದ ಕಿವಿಗಳಿದ್ದು ಎರಡೂ ಬದಿಗೆ ಬೇರೆ ಬೇರೆ ಬೋಲ್ಟು ಹಾಕುವುದು ಲಗ್; ತನ್ನದೇ ಫ್ಲ್ಯಾಂಜುಗಳಿರುವುದು ಡಬಲ್ ಫ್ಲ್ಯಾಂಜ್. ಸಮುದ್ರದ ಬದಿಯಲ್ಲಿ ನೀರಿರುವಾಗಲೇ ಈಚೆಯ ಪೈಪ್ ಅಥವಾ ಪಂಪ್ ಬಿಚ್ಚಬೇಕಾದ ಜಾಗದಲ್ಲಿ ವೇಫರ್ ಎಂದಿಗೂ ಬೇಡ. ಲಗ್ ಅಥವಾ ಡಬಲ್ ಫ್ಲ್ಯಾಂಜ್ ಕೇಳಿ, ಒಂದು ಬದಿ ತೆರೆದಿರುವಾಗ ಎಷ್ಟು ಒತ್ತಡ ತಡೆಯುತ್ತದೆ ಎಂಬುದನ್ನು ತಯಾರಕರಿಂದ ಬರಹದಲ್ಲಿ ಪಡೆಯಿರಿ, ಏಕೆಂದರೆ ಹಲವು ಲಗ್ ವಾಲ್ವುಗಳಲ್ಲಿ ಆ ಅಂಕಿ ಸಾಮಾನ್ಯ ಒತ್ತಡಕ್ಕಿಂತ ಕಡಿಮೆ ಇರುತ್ತದೆ.

ಸಿಗಡಿ ಮರಿ ಕೇಂದ್ರಗಳವರಿಗೆ ಇಲ್ಲೇ ಒಂದು ಮಾತು. ತಾಮ್ರ ಸಿಗಡಿಯ ಮರಿಗಳಿಗೆ ವಿಷ, ಆದ್ದರಿಂದ ಬ್ರಾಂಜ್, ಹಿತ್ತಾಳೆ ಎರಡನ್ನೂ ನಿಮ್ಮ ಪಟ್ಟಿಯಿಂದ ತೆಗೆದುಹಾಕಿ. 200 ಮಿಲಿಮೀಟರ್ ಒಳಗಿನ ಕಡಿಮೆ ಒತ್ತಡದ ಸಾಲುಗಳಿಗೆ ಯುಪಿವಿಸಿ ಅಥವಾ ಪಾಲಿಪ್ರೊಪಿಲೀನ್ ಬಾಡಿ ಮತ್ತು ಡಿಸ್ಕ್ ಇರುವ ಪ್ಲಾಸ್ಟಿಕ್ ಬಟರ್‌ಫ್ಲೈ ವಾಲ್ವ್ ನಿಮಗೆ ಎಲ್ಲಕ್ಕಿಂತ ಒಳ್ಳೆಯದು. ಬಿಸಿಲು ನೇರವಾಗಿ ಬೀಳದಂತೆ ಮರೆ ಕಟ್ಟಿ. ಉಷ್ಣತೆ ಏರಿದಂತೆ ಪ್ಲಾಸ್ಟಿಕ್ ತಡೆಯುವ ಒತ್ತಡ ಇಳಿಯುವುದರಿಂದ ತಯಾರಕರ ಉಷ್ಣತೆಯ ಕೋಷ್ಟಕ ನೋಡದೆ ಕೊಳ್ಳಬೇಡಿ.

3. ಬಾಡಿ

ಪೂರ್ಣ ರಬ್ಬರ್ ಹೊದಿಕೆ ಇದ್ದರೆ ಬಾಡಿಗೆ ಡಕ್ಟೈಲ್ ಐರನ್, ಅಂದರೆ ಸುಲಭವಾಗಿ ಒಡೆಯದ ಎರಕದ ಕಬ್ಬಿಣ ಸಾಕು. ಇದನ್ನೇ ಎಸ್‌ಜಿ ಐರನ್ ಎಂದೂ ಕರೆಯುತ್ತಾರೆ. ಹೊರಮೈಗೆ ಕನಿಷ್ಠ 250 ಮೈಕ್ರಾನ್ ದಪ್ಪದ ಎಪಾಕ್ಸಿ ಲೇಪನ ಕೇಳಿ. ಸಾಮಾನ್ಯ ನೀಲಿ ಬಣ್ಣದ ತೆಳು ಲೇಪನ ಉಪ್ಪುಗಾಳಿಗೆ ಬೇಗ ಏಳುತ್ತದೆ. ರಬ್ಬರ್ ಹೊದಿಕೆ ಫ್ಲ್ಯಾಂಜಿನ ಮುಖದವರೆಗೂ ಮಡಚಿಕೊಂಡಿರಬೇಕು, ಶಾಫ್ಟಿನ ರಂಧ್ರದ ಸುತ್ತಲೂ ಉಬ್ಬು ಇರಬೇಕು. ಈ ಎರಡು ಜಾಗಗಳಲ್ಲಿ ನೀರು ಹಿಂದಕ್ಕೆ ನುಸುಳಿದರೆ ಎರಕದ ಕಬ್ಬಿಣದಿಂದ ಕಬ್ಬಿಣದ ಅಂಶ ಕರಗಿ, ಆಕಾರ ಹಾಗೇ ಉಳಿದು, ಚಾಕುವಿನಿಂದ ಕೆರೆಯಬಹುದಾದ ಗ್ರಾಫೈಟಿನ ಮೆತ್ತನೆಯ ವಸ್ತುವಷ್ಟೇ ಉಳಿಯುತ್ತದೆ.

ಹೊದಿಕೆ ಎರಡು ವಿಧ. ಬಾಡಿಗೆ ಅಂಟಿಸಿ ಬೇಯಿಸಿದ್ದು ಒಂದು, ಬೇಕೆಂದಾಗ ತೆಗೆದು ಬದಲಿಸಬಹುದಾದದ್ದು ಇನ್ನೊಂದು. ಪಂಪಿನ ಹೀರುವ ಬದಿಗೆ ಅಂಟಿಸಿದ್ದನ್ನೇ ಆರಿಸಿ. ನಿರ್ವಾತ ಉಂಟಾದಾಗ ಸಡಿಲ ಹೊದಿಕೆ ಒಳಕ್ಕೆ ಕುಸಿದು ಡಿಸ್ಕಿಗೆ ಸಿಕ್ಕಿಕೊಳ್ಳುತ್ತದೆ. ಉಳಿದೆಡೆ ಬದಲಿಸಬಹುದಾದದ್ದು ಅನುಕೂಲ.

ಉಷ್ಣ ವಿದ್ಯುತ್ ಸ್ಥಾವರಗಳ ತಂಪುನೀರಿನ ಸಾಲುಗಳಂಥ ದೊಡ್ಡ ಅಳತೆಗಳಲ್ಲಿ ಡಬಲ್ ಆಫ್‌ಸೆಟ್ ವಾಲ್ವಿನ ಬಾಡಿಗೂ ಡಿಸ್ಕಿಗೂ ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ ಪದರ ಕೊಡುತ್ತಾರೆ. ಇದನ್ನು ಒಪ್ಪಿಕೊಳ್ಳುವಾಗ ಅಧಿಕ ವೋಲ್ಟೇಜಿನ ಕಿಡಿ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕಾಣದ ಸೂಜಿರಂಧ್ರ ಒಂದಿದ್ದರೂ ಆ ಜಾಗದಲ್ಲಿ ಕಿಡಿ ಹಾರುತ್ತದೆ.

4. ಡಿಸ್ಕ್

ರಬ್ಬರ್ ಹೊದಿಕೆಯ ವಾಲ್ವಿನಲ್ಲಿ ನೀರಿಗೆ ಪೂರ್ತಿ ಒಡ್ಡಿಕೊಳ್ಳುವ ಮುಖ್ಯ ಲೋಹದ ಭಾಗ ಇದೇ. ಹಣ ಖರ್ಚು ಮಾಡಬೇಕಾದದ್ದೂ ಇಲ್ಲೇ.

ಸ್ಟೇನ್‌ಲೆಸ್ ಸ್ಟೀಲುಗಳನ್ನು ಹೋಲಿಸಲು ಪಿಆರ್‌ಇಎನ್ ಎಂಬ ಅಂಕವನ್ನು ಬಳಸುತ್ತಾರೆ. ಇದು ಗುಳಿಕೊರೆತ ತಡೆಯುವ ಶಕ್ತಿಯ ಸೂಚಕ. ಕ್ರೋಮಿಯಂನ ಶೇಕಡಾ ಪ್ರಮಾಣಕ್ಕೆ ಮಾಲಿಬ್ಡಿನಂನ 3.3 ಪಟ್ಟು ಮತ್ತು ನೈಟ್ರೋಜನ್‌ನ 16 ಪಟ್ಟು ಕೂಡಿಸಿದರೆ ಈ ಅಂಕ ಸಿಗುತ್ತದೆ. ಎಸ್‌ಎಸ್ 316ರಲ್ಲಿ ಕ್ರೋಮಿಯಂ 17, ಮಾಲಿಬ್ಡಿನಂ 2.1, ನೈಟ್ರೋಜನ್ 0.05 ಎಂದಿಟ್ಟುಕೊಂಡರೆ ಅಂಕ 25ರ ಆಸುಪಾಸು. ಎರಡು ಬಗೆಯ ಹರಳುರಚನೆ ಬೆರೆತ ಸ್ಟೇನ್‌ಲೆಸ್ ಆದ ಡುಪ್ಲೆಕ್ಸ್ 2205ಕ್ಕೆ ಇದು ಸುಮಾರು 35. ಸೂಪರ್ ಡುಪ್ಲೆಕ್ಸ್ 2507ಕ್ಕೆ 42ರಷ್ಟು. ಸಮುದ್ರದ ನೀರಿಗೆ ಕನಿಷ್ಠ 40 ಬೇಕು ಎಂಬುದು ಕಡಲಾಚೆಯ ತೈಲೋದ್ಯಮದಲ್ಲಿ ನೆಲೆಗೊಂಡಿರುವ ನಿಯಮ, ನಾರ್ವೆಯ ನಾರ್ಸೋಕ್ ಎಂ-001 ಮಾನಕ ಹೇಳುವುದೂ ಅದನ್ನೇ. ಈ ಲೆಕ್ಕವನ್ನು ಒಮ್ಮೆ ನೋಡಿದರೆ ‘316 ಹಾಕಿದರೂ ಏಕೆ ತೂತು ಬಿತ್ತು’ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದರ ಎರಕದ ರೂಪವಾದ ಸಿಎಫ್8ಎಂ ಡಿಸ್ಕನ್ನು ‘ಮೆರೈನ್ ಗ್ರೇಡ್’ ಎಂದು ಮಾರುತ್ತಾರೆ. ಆ ಮಾತು ಕಡಲಗಾಳಿ ತಾಗುವ ಕಂಬಿಗಳಿಗೆ, ಆಗಾಗ ತೊಳೆಯುವ ದೋಣಿಯ ಮೇಲ್ಭಾಗದ ಸಾಮಾನಿಗೆ ತಕ್ಕಮಟ್ಟಿಗೆ ಸರಿ. ಬೆಚ್ಚನೆಯ ಉಪ್ಪುನೀರಿನಲ್ಲಿ ಸದಾ ಮುಳುಗಿ, ರಬ್ಬರಿಗೆ ಒತ್ತಿಕೊಂಡು ಕೂರುವ ಡಿಸ್ಕಿನ ಅಂಚಿಗೆ ಅದು ಸರಿಯಲ್ಲ.

ಸೂಪರ್ ಡುಪ್ಲೆಕ್ಸ್ ಕೂಡ ಎಲ್ಲ ಸಂದರ್ಭಕ್ಕೂ ಅಭೇದ್ಯವಲ್ಲ. ಕ್ಲೋರಿನ್ ಬೆರೆಸಿದ ನೀರು ಸ್ಟೇನ್‌ಲೆಸ್ ಮೇಲ್ಮೈಯ ವಿದ್ಯುದ್ವಿಭವವನ್ನು ಏರಿಸಿ ಸಂದುಕೊರೆತಕ್ಕೆ ದಾರಿ ಮಾಡುತ್ತದೆ. ಈ ಕಾರಣಕ್ಕೆ ನಾರ್ಸೋಕ್ ಮಾನಕ ಸಂದುಗಳಿರುವ ಜೋಡಣೆಗಳಿಗೆ 20 ಡಿಗ್ರಿ ಸೆಲ್ಸಿಯಸ್‌ನ ಮಿತಿ ಹಾಕಿದೆ. ಉತ್ತರ ಸಮುದ್ರದ ತಣ್ಣೀರನ್ನು ನೋಡಿ ಬರೆದ ಆ ಮಿತಿಯನ್ನು ನಮ್ಮ ಅರಬ್ಬೀ ಸಮುದ್ರ ವರ್ಷದ ಎಲ್ಲ ತಿಂಗಳೂ ಮೀರಿರುತ್ತದೆ. ಇಲ್ಲಿ ಮೇಲ್ನೀರಿನ ಉಷ್ಣತೆ ಸಾಮಾನ್ಯವಾಗಿ 26ರಿಂದ 30 ಡಿಗ್ರಿ. ಹಾಗೆಂದು ಸೂಪರ್ ಡುಪ್ಲೆಕ್ಸ್ ಬಿಟ್ಟುಬಿಡಬೇಕಿಲ್ಲ. ರಬ್ಬರ್ ಹೊದಿಕೆಯ ವಾಲ್ವಿನಲ್ಲಿ ಲೋಹದ ಸಂದುಗಳು ಕಡಿಮೆ, ಡಿಸ್ಕ್ ಸದಾ ತೆರೆದಿದ್ದರೆ ಅದರ ಅಂಚು ತೊಳೆಯುತ್ತಲೇ ಇರುತ್ತದೆ. ನೀವು ಮಾಡಬೇಕಾದದ್ದು ಎರಡು: ಕ್ಲೋರಿನ್ನಿನ ಪ್ರಮಾಣವನ್ನು ಜೀವಿಗಳು ಅಂಟದಿರಲು ಬೇಕಾದಷ್ಟಕ್ಕೇ ಸೀಮಿತಗೊಳಿಸುವುದು, ಮತ್ತು ಡಿಸ್ಕಿನಲ್ಲಿ ಪಿನ್ನು, ಸ್ಕ್ರೂಗಳಿಲ್ಲದ ರಚನೆಯನ್ನು ಆರಿಸುವುದು.

ಎರಡನೆಯ ದಾರಿ ನಿಕಲ್ ಅಲ್ಯೂಮಿನಿಯಂ ಬ್ರಾಂಜ್. ನಮ್ಮ ಮಾರುಕಟ್ಟೆಯಲ್ಲಿ ಇದು ಎಬಿ2 ಎಂದೂ, ಅಮೆರಿಕದ ಸಂಕೇತದಲ್ಲಿ ಸಿ95800 ಎಂದೂ ಗುರುತಿಸಿಕೊಂಡಿದೆ. ಹಡಗುಗಳ ಪ್ರೊಪೆಲ್ಲರಿಗೆ ಬಳಸುವುದು ಇದೇ ಬಗೆಯ ಲೋಹವನ್ನು. ಸಂದುಕೊರೆತಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಕ್ಲೋರಿನ್ ಮಿತವಾಗಿದ್ದರೆ ತೊಂದರೆಯಿಲ್ಲ, ಬೆಲೆಯೂ ಸೂಪರ್ ಡುಪ್ಲೆಕ್ಸಿಗಿಂತ ಸಾಮಾನ್ಯವಾಗಿ ಕಡಿಮೆ. ಶುದ್ಧವಾದ, ಆಮ್ಲಜನಕವಿರುವ, ಹರಿಯುವ ಸಮುದ್ರದ ನೀರಿಗೆ ಇದಕ್ಕಿಂತ ನಂಬಿಕೆಯ ಡಿಸ್ಕ್ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆದರೆ ಇದರ ಶತ್ರು ಸಲ್ಫೈಡ್. ಮೀನುಗಾರಿಕಾ ಬಂದರುಗಳ ಒಳಗಿನ ಕಲುಷಿತ ನೀರು, ಮೀನಿನ ತ್ಯಾಜ್ಯ ಕೊಳೆಯುವ ಜಾಗ, ಮಳೆಗಾಲದ ಕೊನೆಯ ತಳನೀರು ಇವುಗಳಲ್ಲಿ ಸಲ್ಫೈಡ್ ಇದ್ದರೆ ತಾಮ್ರದ ಮಿಶ್ರಲೋಹದ ಕಾವಲು ಪೊರೆ ಕೆಟ್ಟು ಲೋಹ ವೇಗವಾಗಿ ಸವೆಯುತ್ತದೆ. ಅಂಥ ಕಡೆ ಸೂಪರ್ ಡುಪ್ಲೆಕ್ಸ್ ಅಥವಾ ರಬ್ಬರ್ ಹೊದಿಸಿದ ಡಿಸ್ಕ್ ಆರಿಸಿ. ಇನ್ನೊಂದು ಎಚ್ಚರಿಕೆ: ಬರಿಯ ‘ಅಲ್ಯೂಮಿನಿಯಂ ಬ್ರಾಂಜ್’ ಎಂದು ಬರೆದರೆ ನಿಕಲ್ ಇಲ್ಲದ ಎಬಿ1 ಬರಬಹುದು. ಅದರಲ್ಲಿ ಅಲ್ಯೂಮಿನಿಯಂ ಅಂಶ ಕರಗಿಹೋಗಿ ಲೋಹ ಟೊಳ್ಳಾಗುತ್ತದೆ. ‘ನಿಕಲ್’ ಎಂಬ ಪದವನ್ನೂ ಗ್ರೇಡಿನ ಸಂಖ್ಯೆಯನ್ನೂ ತಪ್ಪದೆ ಬರೆಯಿರಿ. ಹಿತ್ತಾಳೆಯ ಡಿಸ್ಕ್ ಬೇಡವೇ ಬೇಡ, ಸತುವು ಹೆಚ್ಚಿರುವ ಹಿತ್ತಾಳೆಯಿಂದ ಸತುವು ಕರಗಿ ಸರಂಧ್ರ ತಾಮ್ರವಷ್ಟೇ ಉಳಿಯುತ್ತದೆ.

ಕಬ್ಬಿಣದ ಡಿಸ್ಕಿಗೆ ನೈಲಾನ್ ಅಥವಾ ಹ್ಯಾಲರ್ ಎಂಬ ಫ್ಲೋರೋಪಾಲಿಮರ್ ಲೇಪಿಸಿದವು ಅಗ್ಗವಾಗಿ ಸಿಗುತ್ತವೆ. ಶೋಧಿಸಿದ ನೀರಿಗೆ, ಅಪರೂಪಕ್ಕೆ ತಿರುಗಿಸುವ ಜಾಗಕ್ಕೆ ಇವು ಸಾಕು. ಮರಳಿರುವ ನೀರಿನಲ್ಲಿ, ಬಾರ್ನಕಲ್‌ನಂಥ ಚಿಪ್ಪುಜೀವಿಗಳು ಅಂಟುವ ಸಾಲಿನಲ್ಲಿ ಪ್ರತಿಬಾರಿ ಮುಚ್ಚುವಾಗಲೂ ಅಂಚಿನ ಲೇಪನ ಉಜ್ಜಿ ಹರಿಯುತ್ತದೆ, ಅಲ್ಲಿಂದ ತುಕ್ಕು ಲೇಪನದ ಅಡಿಯಲ್ಲೇ ಹರಡುತ್ತದೆ.

ಟೈಟಾನಿಯಂ ಈ ಉಷ್ಣತೆಯ ಸಮುದ್ರದ ನೀರಿಗೆ ಜಗ್ಗುವುದಿಲ್ಲ. ಬೆಲೆ ತಾಳಿಕೊಳ್ಳುವವರಿಗೆ ಸರಿ.

5. ಶಾಫ್ಟ್, ಪಿನ್ನು, ಬುಷ್

ಒಳ್ಳೆಯ ಡಿಸ್ಕಿಗೆ ಎಸ್‌ಎಸ್ 410 ಶಾಫ್ಟ್ ಕೊಡುವುದು ಮಾರುಕಟ್ಟೆಯ ಸಾಮಾನ್ಯ ಪದ್ಧತಿ. ಅದರಲ್ಲಿ ಕ್ರೋಮಿಯಂ ಶೇ. 12ರಷ್ಟಿದ್ದು ಮಾಲಿಬ್ಡಿನಂ ಇಲ್ಲದ ಕಾರಣ ಪಿಆರ್‌ಇಎನ್ ಕೂಡ ಅಷ್ಟಕ್ಕೇ ನಿಲ್ಲುತ್ತದೆ. ಬಲ ಹೆಚ್ಚೆಂದು ಹೇಳಿ ಕೊಡುವ 17-4ಪಿಎಚ್ ಕೂಡ ಸಮುದ್ರದ ನೀರಿನ ಸಂದುಗಳಲ್ಲಿ ನಿಲ್ಲುವುದಿಲ್ಲ. ಇವೆರಡನ್ನೂ ಒಪ್ಪಬಹುದಾದ ಏಕೈಕ ಸಂದರ್ಭವೆಂದರೆ ಶಾಫ್ಟಿಗೆ ನೀರು ತಾಗದಂತೆ ರಬ್ಬರ್ ಮತ್ತು ಡಿಸ್ಕ್ ಸುತ್ತ ಮುಚ್ಚಿರುವ ‘ಒಣ ಶಾಫ್ಟ್’ ರಚನೆ. ಆಗಲೂ ಸೀಲ್ ಸೋತ ದಿನ ಏನಾಗುತ್ತದೆ ಎಂದು ಯೋಚಿಸಿ, ಕನಿಷ್ಠ ಡುಪ್ಲೆಕ್ಸ್ 2205 ಕೇಳುವುದು ಕ್ಷೇಮ. ಸೂಪರ್ ಡುಪ್ಲೆಕ್ಸ್ ಡಿಸ್ಕಿಗೆ ಸೂಪರ್ ಡುಪ್ಲೆಕ್ಸ್ ಶಾಫ್ಟ್, ನಿಕಲ್ ಅಲ್ಯೂಮಿನಿಯಂ ಬ್ರಾಂಜ್ ಡಿಸ್ಕಿಗೆ ಮೋನೆಲ್ ಕೆ-500 ಎಂಬ ನಿಕಲ್–ತಾಮ್ರ ಮಿಶ್ರಲೋಹದ ಶಾಫ್ಟ್ ಹೊಂದುತ್ತವೆ.

ಪಿನ್ನುಗಳು ಶಾಫ್ಟಿನದೇ ಗ್ರೇಡಿನವಾಗಿರಲಿ. ಪಿನ್ನು ಕರಗಿ ಬಿದ್ದ ವಾಲ್ವಿನಲ್ಲಿ ಹಿಡಿ ತಿರುಗುತ್ತದೆ, ಡಿಸ್ಕ್ ತಿರುಗುವುದಿಲ್ಲ, ಮುಚ್ಚಿದೆ ಎಂದು ನಂಬಿ ಪಂಪ್ ಬಿಚ್ಚಿದವರ ಮೇಲೆ ನೀರು ನುಗ್ಗುತ್ತದೆ. ಚೌಕ ಅಥವಾ ಹಲ್ಲುಗಳ ಜೋಡಣೆಯ ಪಿನ್ನಿಲ್ಲದ ಡಿಸ್ಕ್ ಸಿಕ್ಕಿದರೆ ಅದನ್ನೇ ಆರಿಸಿ. ಡಿಸ್ಕಿನ ಜೋಡಣೆ ತುಂಡಾದರೂ ಒತ್ತಡಕ್ಕೆ ಶಾಫ್ಟ್ ಹೊರಚಿಮ್ಮದಂತೆ ತಡೆ ಇದೆಯೇ ಎಂದೂ ಕೇಳಿ.

ಬುಷ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲ. ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಇದ್ದರೂ ಹಿಂಬದಿಯಲ್ಲಿ ಸಾದಾ ಉಕ್ಕಿನ ತಗಡಿರುವ ಬುಷ್ ತುಕ್ಕು ಹಿಡಿದು ಉಬ್ಬಿ ಶಾಫ್ಟನ್ನು ಕಚ್ಚಿಹಿಡಿಯುತ್ತದೆ. ಬ್ರಾಂಜಿನ ಅಥವಾ ಪೂರ್ತಿ ಪಾಲಿಮರಿನ ಬುಷ್ ಎಂದು ಬರೆಯಿರಿ.

6. ರಬ್ಬರ್

ಬರಿಯ ಸಮುದ್ರದ ನೀರಿಗೆ ಇಪಿಡಿಎಂ ಎಂಬ ಕೃತಕ ರಬ್ಬರ್ ಒಳ್ಳೆಯದು. ಎಣ್ಣೆ ಬೆರೆಯುವ ದೋಣಿಯ ತಳನೀರು, ಹಡಗಿನ ಸಮತೋಲನದ ನೀರು ಮುಂತಾದವಕ್ಕೆ ಇಪಿಡಿಎಂ ಊದಿಕೊಂಡು ಡಿಸ್ಕನ್ನು ಹಿಡಿದುಬಿಡುತ್ತದೆ, ಅಲ್ಲಿ ನೈಟ್ರೈಲ್ ರಬ್ಬರ್ ಬೇಕು. ವಾಲ್ವ್ ಜೋಡಿಸುವಾಗ ಇಪಿಡಿಎಂ ಸೀಟಿಗೆ ಪೆಟ್ರೋಲಿಯಂ ಎಣ್ಣೆಯ ಸಾಮಾನ್ಯ ಗ್ರೀಸ್ ಸವರುವುದೂ ಇದೇ ತಪ್ಪು. ಸಿಲಿಕೋನ್ ಗ್ರೀಸ್ ಅಥವಾ ಸಾಬೂನಿನ ನೀರು ಬಳಸಿ.

7. ನೆರೆಯ ಲೋಹಗಳು, ಗ್ಯಾಸ್ಕೆಟ್

ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಅಥವಾ ಗಾಜುನಾರಿನ ಪೈಪಿದ್ದರೆ ಜೋಡಿಲೋಹದ ಚಿಂತೆ ಬಹುಮಟ್ಟಿಗೆ ಇಲ್ಲ. ಲೋಹದ ಪೈಪಿದ್ದರೆ ಒಂದು ನಿಯಮವನ್ನು ನೆನಪಿಡಿ: ಸವೆಯುವ ಲೋಹದ ಮೈ ಚಿಕ್ಕದಾಗಿದ್ದು ಸವೆಸುವ ಲೋಹದ ಮೈ ದೊಡ್ಡದಾದಷ್ಟೂ ಹಾನಿ ತೀವ್ರ. ಸೂಪರ್ ಡುಪ್ಲೆಕ್ಸ್ ಪೈಪಿನ ಉದ್ದನೆಯ ಸಾಲಿನಲ್ಲಿ ಒಂದೇ ಒಂದು ಬ್ರಾಂಜ್ ಬಾಡಿಯ ವಾಲ್ವ್ ಕೂರಿಸಿದರೆ ಇಡೀ ಸಾಲು ಸೇರಿ ಆ ವಾಲ್ವನ್ನು ತಿನ್ನುತ್ತದೆ. ಬಣ್ಣ ಬಳಿಯಬೇಕಾದಾಗಲೂ ಸವೆಯುವ ಲೋಹಕ್ಕಷ್ಟೇ ಬಳಿದು ಬಿಟ್ಟರೆ, ಬಣ್ಣ ಕಿತ್ತ ಸಣ್ಣ ಜಾಗದಲ್ಲಿ ಕೊರೆತವೆಲ್ಲ ಕೇಂದ್ರೀಕರಿಸುತ್ತದೆ. ಎರಡೂ ಲೋಹಗಳಿಗೆ, ಅಥವಾ ಕನಿಷ್ಠ ಪಕ್ಷ ಸ್ಟೇನ್‌ಲೆಸ್ ಬದಿಗೆ ಬಳಿಯುವುದು ಸರಿಯಾದ ಕ್ರಮ.

ಗ್ರಾಫೈಟ್ ಇರುವ ಗ್ಯಾಸ್ಕೆಟ್ ಸಮುದ್ರದ ನೀರಿನ ಸಾಲಿಗೆ ತರಬೇಡಿ. ಸ್ಟೇನ್‌ಲೆಸ್‌ಗಿಂತಲೂ ಗ್ರಾಫೈಟ್ ನಿಷ್ಕ್ರಿಯವಾದ್ದರಿಂದ ಫ್ಲ್ಯಾಂಜಿನ ಮುಖವೇ ತಿನ್ನಲ್ಪಡುತ್ತದೆ. ಪೂರ್ಣ ಹೊದಿಕೆಯ ವಾಲ್ವಿಗೆ ಬೇರೆ ಗ್ಯಾಸ್ಕೆಟ್ ಬೇಕಾಗಿಯೇ ಇಲ್ಲ. ಹಾಕಿದರೆ ರಬ್ಬರ್ ಅಂಚು ಸರಿಯಾಗಿ ಒತ್ತಿಕೊಳ್ಳದೆ ಸೋರುತ್ತದೆ.

8. ಬೇಡಿಕೆ ಪತ್ರ ಮತ್ತು ತಪಾಸಣೆ

ಬೇಡಿಕೆ ಪತ್ರದಲ್ಲಿ ಬಾಡಿ, ಹೊದಿಕೆ, ಡಿಸ್ಕ್, ಶಾಫ್ಟ್, ಪಿನ್ನು, ಬುಷ್ ಒಂದೊಂದಕ್ಕೂ ಪ್ರತ್ಯೇಕ ಸಾಲು ಬರೆದು ಗ್ರೇಡ್ ನಮೂದಿಸಿ. ಒತ್ತಡವಿರುವ ಮತ್ತು ನೀರು ಮುಟ್ಟುವ ಭಾಗಗಳಿಗೆ ಯುರೋಪಿನ ಇಎನ್ 10204 ಮಾನಕದ 3.1 ಪ್ರಮಾಣಪತ್ರ, ಅಂದರೆ ಆಯಾ ಎರಕದ ಬ್ಯಾಚಿನ ನಿಜವಾದ ರಾಸಾಯನಿಕ ವಿಶ್ಲೇಷಣೆ ಇರುವ ಪತ್ರ ಕೇಳಿ. ಸೂಪರ್ ಡುಪ್ಲೆಕ್ಸ್ ಎರಕಕ್ಕೆ ಸರಿಯಾದ ಉಷ್ಣೋಪಚಾರ ಆಗಿರದಿದ್ದರೆ ಅಂಕ 40 ದಾಟಿದ್ದರೂ ಕೊರೆತ ತಪ್ಪದು. ಅದನ್ನು ಪತ್ತೆಹಚ್ಚಲು ಎಎಸ್‌ಟಿಎಂ ಜಿ48 ಎಂಬ ಫೆರಿಕ್ ಕ್ಲೋರೈಡ್ ಪರೀಕ್ಷೆಯ ವರದಿ ಇರಲಿ.

ಅಯಸ್ಕಾಂತ ಹಿಡಿದು ಸ್ಟೇನ್‌ಲೆಸ್ ಪರೀಕ್ಷಿಸುವ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ. ಡುಪ್ಲೆಕ್ಸ್ ಮತ್ತು ಸೂಪರ್ ಡುಪ್ಲೆಕ್ಸ್‌ಗಳಲ್ಲಿ ಅರ್ಧದಷ್ಟು ಫೆರೈಟ್ ಇರುವುದರಿಂದ ಅಯಸ್ಕಾಂತ ಅವಕ್ಕೆ ಗಟ್ಟಿಯಾಗಿ ಅಂಟುತ್ತದೆ, ಅಂಟಿತೆಂದು ಒಳ್ಳೆಯ ಡಿಸ್ಕನ್ನು ಹಿಂದಿರುಗಿಸಿ 316 ಇಟ್ಟುಕೊಳ್ಳಬೇಡಿ. ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಗನ್ನಿನಿಂದ ಕ್ರೋಮಿಯಂ, ಮಾಲಿಬ್ಡಿನಂ, ನಿಕಲ್ ಖಚಿತವಾಗಿ ಗೊತ್ತಾಗುತ್ತವೆ. ನೈಟ್ರೋಜನ್ ಅದಕ್ಕೆ ಕಾಣಿಸದು. ಅದಕ್ಕೆ ಪ್ರಮಾಣಪತ್ರವನ್ನೇ ನೋಡಬೇಕು.

9. ಜೋಡಣೆ ಮತ್ತು ಮೊದಲ ವಾರಗಳು

ಎಚ್‌ಡಿಪಿಇ ಪೈಪಿನ ಗೋಡೆ ದಪ್ಪವಿರುವುದರಿಂದ ತೆರೆದ ಡಿಸ್ಕ್ ಪೈಪಿನ ತುದಿಗೆ ಬಡಿಯುವುದು ನಮ್ಮಲ್ಲಿ ಪದೇ ಪದೇ ಆಗುವ ತಪ್ಪು. ಡಿಸ್ಕ್ ಪೂರ್ತಿ ತೆರೆದಾಗ ಬಾಡಿಯಿಂದ ಎಷ್ಟು ಹೊರಚಾಚುತ್ತದೆ, ಆ ಜಾಗದಲ್ಲಿ ಅದಕ್ಕೆ ಎಷ್ಟು ಅಗಲ ಬೇಕು ಎಂಬ ಅಳತೆಯನ್ನು ಮೊದಲೇ ತರಿಸಿಕೊಂಡು ಪೈಪಿನ ಒಳವ್ಯಾಸದೊಂದಿಗೆ ಹೋಲಿಸಿ, ಬೇಕಿದ್ದರೆ ಪೈಪಿನ ತುದಿಯನ್ನು ಇಳಿಜಾರಾಗಿ ಕೆತ್ತಿಸಿ.

ಶಾಫ್ಟ್ ಅಡ್ಡಲಾಗಿ ಇರುವಂತೆ, ಡಿಸ್ಕಿನ ಕೆಳ ಅಂಚು ನೀರು ಹರಿಯುವ ದಿಕ್ಕಿಗೆ ತೆರೆಯುವಂತೆ ಕೂರಿಸಿ. ಶಾಫ್ಟ್ ನೇರವಾಗಿ ನಿಂತಿದ್ದರೆ ಮರಳು ಕೆಳಗಿನ ಬುಷ್‌ನಲ್ಲಿ ಸೇರಿಕೊಳ್ಳುತ್ತದೆ. ಬೋಲ್ಟು ಬಿಗಿಯುವಾಗ ಡಿಸ್ಕನ್ನು ಸ್ವಲ್ಪ ತೆರೆದಿಟ್ಟುಕೊಂಡು, ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಬಿಗಿಯಿರಿ. 150 ಮಿಲಿಮೀಟರಿಗಿಂತ ದೊಡ್ಡ ವಾಲ್ವಿಗೆ ಕೈಹಿಡಿಯ ಬದಲು ಗೇರ್ ಪೆಟ್ಟಿಗೆ ಇರಲಿ. ಕೈಹಿಡಿಯನ್ನು ಫಟ್ಟನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಪೈಪೇ ಬಿರಿಯಬಹುದು.

ಒತ್ತಡ ಪರೀಕ್ಷೆಯನ್ನು ಸಾಧ್ಯವಾದಷ್ಟೂ ಸಿಹಿನೀರಿನಿಂದ ಮಾಡಿ, ಮುಗಿದ ಕೂಡಲೇ ಪೂರ್ತಿ ಬಸಿದು ಒಣಗಿಸಿ. ಪರೀಕ್ಷೆಯ ಸಮುದ್ರದ ನೀರನ್ನು ಪೈಪಿನಲ್ಲೇ ವಾರಗಟ್ಟಲೆ ಬಿಟ್ಟರೆ ಅದರೊಳಗಿನ ಸೂಕ್ಷ್ಮಜೀವಿಗಳು ಲೋಹದ ಮೇಲೆ ಪದರ ಕಟ್ಟಿ, ಘಟಕ ಚಾಲೂ ಆಗುವ ಮೊದಲೇ ಗುಳಿ ಬೀಳಿಸುತ್ತವೆ. ಬ್ರಾಂಜ್ ಡಿಸ್ಕಿದ್ದರೆ ಮೊದಲ ಕೆಲವು ವಾರ ಶುದ್ಧವಾದ ಹರಿಯುವ ನೀರು ಸಿಗುವಂತೆ ನೋಡಿಕೊಳ್ಳಿ, ಅದರ ಕಾವಲು ಪೊರೆ ಕಟ್ಟಿಕೊಳ್ಳುವುದು ಆಗಲೇ. ಆದ್ದರಿಂದ ಮಳೆಗಾಲದ ಕೊಳಕು ನೀರಿನಲ್ಲಿ ಹೊಸ ಬ್ರಾಂಜ್ ವಾಲ್ವುಗಳ ಸಾಲನ್ನು ಚಾಲೂ ಮಾಡುವುದಕ್ಕಿಂತ ನವೆಂಬರ್‌ವರೆಗೆ ಕಾಯುವುದು ಮೇಲು.

ಮುಚ್ಚಿಯೇ ಇರುವ ವಾಲ್ವುಗಳನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ತೆರೆದು ಮುಚ್ಚಿ, ಇಲ್ಲವಾದರೆ ಸೀಟಿನ ಮೇಲೆ ಬೆಳೆದ ಚಿಪ್ಪುಗಳು ಮುಂದೊಂದು ದಿನ ರಬ್ಬರನ್ನು ಸೀಳುತ್ತವೆ. ತಿರುಗಿಸಲು ಬೇಕಾದ ಬಲ ಹಿಂದಿಗಿಂತ ಹೆಚ್ಚಿದ್ದರೆ ಬರೆದಿಡಿ. ವರ್ಷಕ್ಕೊಮ್ಮೆ ಒಂದು ವಾಲ್ವನ್ನಾದರೂ ಬಿಚ್ಚಿ ಡಿಸ್ಕಿನ ಅಂಚು, ಪಿನ್ನಿನ ಸುತ್ತಲಿನ ಜಾಗ, ಹೊದಿಕೆಯ ಹಿಂಬದಿ ಈ ಮೂರನ್ನು ನೋಡಿ. ಹೊದಿಕೆಯ ಹಿಂದೆ ಕಂದು ನೀರು ಕಂಡರೆ ಅದೇ ಅಳತೆಯ, ಅದೇ ದಿನ ತಂದ ಉಳಿದ ವಾಲ್ವುಗಳ ಹೊದಿಕೆಗೂ ಆಗಲೇ ಬೇಡಿಕೆ ಕಳಿಸಿ.